ಇಪ್ಪತ್ತೆಂಟು ಡಿಗ್ರಿ ತಪ್ಪಿದ ಪೂರ್ವ

ವಸಂತಕುಮಾರ್ ಅವರು ಮಾಂತ್ರಿಕರ ಮಂಡಲಿಯೊಂದನ್ನು ಸೇರಿದ್ದು ಒಂದು ಬೇಲಿಯ ದೆಸೆಯಿಂದ.

೨೦೧೩ರ ಚಳಿಗಾಲದಲ್ಲಿ ಪರ್ತ್ ನಗರದ ಕ್ಯಾನಿಂಗ್ ವೇಲ್‌ನಲ್ಲಿ ಬೀಸಿದ ಗಾಳಿಗೆ ಎರಡು ಮನೆಗಳ ನಡುವಿನ ಬೇಲಿ ವಾಲಿಕೊಂಡಿತು. ಒಂದು ಮನೆ ಸಿರಿಲ್ ಅವರದು. ಉಡುಪಿಯ ಕಡೆಯವರು, ಕುವೈತಿನಲ್ಲಿ ಹನ್ನೆರಡು ವರ್ಷ ಫಿಟ್ಟರ್ ಆಗಿದ್ದು ಇಲ್ಲಿಗೆ ಬಂದು ನೆಲೆಸಿದವರು. ಇನ್ನೊಂದು ಮನೆಯಲ್ಲಿ ಐವೀ ಎಂಬ ಎಪ್ಪತ್ತಾರು ವರ್ಷದ ಆಸ್ಟ್ರೇಲಿಯನ್ ಹೆಂಗಸು ಒಬ್ಬರೇ ಇದ್ದರು. ಶಾಲೆಯೊಂದರಲ್ಲಿ ಗ್ರಂಥಪಾಲಕಿಯಾಗಿ ನಿವೃತ್ತರಾದವರು. ಹೊಸ ಬೇಲಿ ಹಾಕುವ ಮೊದಲು ಗಡಿ ಎಲ್ಲಿದೆಯೆಂದು ನೋಡಿಸಿಬಿಡೋಣ ಎಂದು ಸಿರಿಲ್ ತಮಗೆ ಪರಿಚಯವಿದ್ದ ಒಬ್ಬರೇ ಸರ್ವೆಯರ್ ಆದ ವಸಂತಕುಮಾರ್ ಅವರನ್ನು ಕರೆತಂದರು.

ಗಡಿ ಸರಿಯಾಗಿಯೇ ಇತ್ತು. ಐವೀ ಇಬ್ಬರನ್ನೂ ಚಹಾಕ್ಕೆಂದು ಹಿತ್ತಲಿನ ಶೆಡ್ಡಿಗೆ ಕರೆದರು. ಒಳಗೆ ಗೋಡೆಯ ಮೇಲೆ ದೊಡ್ಡದೊಂದು ಚಿತ್ರ: ಹತ್ತು ವೃತ್ತಗಳು, ಅವನ್ನು ಒಂದಕ್ಕೊಂದು ಕೂಡಿಸುವ ಇಪ್ಪತ್ತೆರಡು ಗೆರೆಗಳು. ವಸಂತಕುಮಾರ್ ಅದನ್ನು ಎರಡು ನಿಮಿಷ ದಿಟ್ಟಿಸಿ, ಜಮೀನು ಅಳೆಯುವವರು ಯಾವ ನಕ್ಷೆ ಕಂಡರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಇದರಲ್ಲಿ ಬೇಸ್‌ಲೈನ್ ಯಾವುದು?" ಬೇಸ್‌ಲೈನ್ ಎಂದರೆ ಉಳಿದ ಅಳತೆಗೆಲ್ಲ ಆಧಾರವಾದ ಮೊದಲ ಗೆರೆ; ಅದು ಯಾವುದೋ ಊರಿನ ಸರ್ವೆ ಬಿಂದುಗಳ ಜಾಲವೆಂದೇ ಅವರು ತಿಳಿದಿದ್ದರು. ಐವೀ ಕೈಯ ಚಹಾ ಚೆಲ್ಲುವಷ್ಟು ನಕ್ಕರು. ಅದು ಕಬಾಲಾ ಎಂಬ ಯೆಹೂದಿ ಗೂಢವಿದ್ಯೆಯ ಜೀವವೃಕ್ಷ, ಮೇಲ್ತುದಿಯ ವೃತ್ತಕ್ಕೆ ಕಿರೀಟವೆಂದು ಹೆಸರು, ಕೆಳತುದಿಯದಕ್ಕೆ ಮಲ್ಖುತ್, ಎಂದರೆ ನಾವು ನಿಂತಿರುವ ಈ ನೆಲ ಎಂದು ವಿವರಿಸಿದರು. "ಬೇಸ್‌ಲೈನ್ ಬೇಕೇಬೇಕೆಂದರೆ ನೆಲದಿಂದ ಶುರುಮಾಡಿ," ಎಂದರು.

ನೆಲದಿಂದ ಶುರುವಾಗುವ ಯಾವ ವಿದ್ಯೆಯ ಬಗೆಗೂ ವಸಂತಕುಮಾರ್ ಅವರಿಗೆ ತಕರಾರಿರಲಿಲ್ಲ. ಮುಂದಿನ ಶನಿವಾರ ಅವರು ಒಬ್ಬರೇ ಬಂದರು.

ಮೈಸೂರಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಇಪ್ಪತ್ತೆರಡು ವರ್ಷ ಸರ್ವೆ ಕೆಲಸ ಮಾಡಿ, ೧೯೯೯ರಲ್ಲಿ ನಲವತ್ತಮೂರನೆಯ ವಯಸ್ಸಿಗೆ ಅವರು ಬ್ರಿಸ್ಬೇನಿಗೆ ಬಂದಿದ್ದರು. ಅಲ್ಲಿನ ನಾರ್ತ್ ಲೇಕ್ಸ್ ಆಗ ಇನ್ನೂ ಬಡಾವಣೆಯಾಗುವ ಹಂತದಲ್ಲಿತ್ತು. ಪೊದೆಗಳ ನಡುವೆ ಗೂಟ ಹೊಡೆಯುವ ಕೆಲಸ. ಮೊದಲ ತಿಂಗಳಲ್ಲೇ ಒಂದು ಪೆಟ್ಟು ತಿಂದರು. ಮಣ್ಣಿನಲ್ಲಿ ಹೂತುಹೋಗಿದ್ದ ಹಳೆಯ ಗುರುತುಕಲ್ಲೊಂದನ್ನು ಹುಡುಕಬೇಕಿತ್ತು. ಕಂಪಾಸ್ ಹಿಡಿದು ನಲವತ್ತು ಮೀಟರ್ ನಡೆದು ಅಗೆದರು, ಕಲ್ಲಿಲ್ಲ. ಪಕ್ಕದಲ್ಲಿ ಅಗೆದರು, ಮತ್ತೊಂದು ಕಡೆ ಅಗೆದರು. ಮೈಸೂರಿನಲ್ಲಿ ಕಂಪಾಸಿನ ಸೂಜಿ ಹೆಚ್ಚುಕಡಿಮೆ ನಿಜವಾದ ಉತ್ತರವನ್ನೇ ತೋರಿಸುತ್ತದೆ. ಬ್ರಿಸ್ಬೇನಿನಲ್ಲಿ ಅದು ಸುಮಾರು ಹನ್ನೊಂದು ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಪುಸ್ತಕದಲ್ಲಿ ಓದಿದ್ದ ಈ ಸಂಗತಿ, ಕೈಗೆ ಅಭ್ಯಾಸವಾಗಿಲ್ಲದ್ದರಿಂದ, ಬೇಕಾದ ಹೊತ್ತಿಗೆ ನೆನಪಾಗಲಿಲ್ಲ. ಮಧ್ಯಾಹ್ನ ಬಂದ ಮೇಲಧಿಕಾರಿ ಮೂರು ಗುಂಡಿಗಳನ್ನೂ ನೋಡಿ ಬೈಯಲಿಲ್ಲ. ನೆಲದ ಮೇಲೆ ಕುಳಿತು, ಕಡ್ಡಿಯಿಂದ ಎರಡು ಗೆರೆ ಎಳೆದು, "ನಿನ್ನ ಸೂಜಿ ಸುಳ್ಳು ಹೇಳಿಲ್ಲ, ಅದು ಬೇರೆ ಊರಿನ ಮಾತು ಆಡುತ್ತಿದೆ," ಎಂದನಂತೆ. ತಪ್ಪನ್ನು ಹೇಳುವುದಾದರೆ ಹೀಗೆ ಹೇಳಬೇಕು ಎಂದು ತಾವು ಅಂದು ಕಲಿತದ್ದಾಗಿ ವಸಂತಕುಮಾರ್ ಈಗಲೂ ನೆನೆಯುತ್ತಾರೆ. ಆಮೇಲೆ ನಾಲ್ಕು ವರ್ಷ ಅಡಿಲೇಡಿನಲ್ಲಿ ಕೆಲಸ ಮಾಡಿ ೨೦೦೯ರಲ್ಲಿ ಪರ್ತಿಗೆ ಬಂದರು. ಇಲ್ಲಿನ ಸೂಜಿ ಒಂದೂವರೆ ಎರಡು ಡಿಗ್ರಿ ಮಾತ್ರ ತಪ್ಪುತ್ತದೆ. "ಅಂತೂ ಮೈಸೂರಿಗೆ ವಾಪಸ್ ಬಂದ್ಬಿಟ್ಟೆ ಅನ್ನಿಸ್ತು," ಎಂದು ನಗುತ್ತಾರೆ.

ತಾವು ಅಳೆಯದ ಅಂಕಿಯನ್ನು ಅವರು ಎಂದೂ ಬರೆದವರಲ್ಲ. ಅಳೆದ ಅಂಕಿಯನ್ನು ಯಾರ ಮುಲಾಜಿಗೂ ತಿದ್ದಿದವರಲ್ಲ. ಅವರನ್ನು ಬಲ್ಲವರೆಲ್ಲ ಮೊದಲು ಹೇಳುವ ಮಾತು ಇದು.

ಇಂಥವರಿಗೆ ಐವೀಯ ಶೆಡ್ಡಿನಲ್ಲಿ ಏನು ಸಿಕ್ಕಿತು? ಅಲ್ಲಿ ಶನಿವಾರ ಸಂಜೆ ನಾಲ್ಕಕ್ಕೆ ಏಳೆಂಟು ಮಂದಿ ಸೇರುತ್ತಿದ್ದರು. ಬಾಗಿಲು ಎಳೆದು, ದೀಪ ಹಚ್ಚಿ, ವೃತ್ತಾಕಾರದ ಬಟ್ಟೆಯೊಂದನ್ನು ಹಾಸಿ, ಅದರ ನಡುವೆ ಐವೀ ನಿಲ್ಲುವರು. ಹಣೆ, ಎದೆ, ಎರಡು ಭುಜಗಳನ್ನು ಮುಟ್ಟಿ ಹೀಬ್ರೂ ಪದಗಳನ್ನು ಉಸಿರೆಳೆದು ಹೇಳುವರು. ಪೂರ್ವಕ್ಕೆ ತಿರುಗಿ ಗಾಳಿಯಲ್ಲಿ ಐದು ಮೂಲೆಯ ನಕ್ಷತ್ರ ಬರೆದು ರಫಾಯೇಲನೆಂಬ ದೇವದೂತನನ್ನು ಕರೆಯುವರು. ಹಾಗೆಯೇ ಉಳಿದ ಮೂರು ದಿಕ್ಕುಗಳಲ್ಲಿ ಇನ್ನು ಮೂವರನ್ನು. ಸುತ್ತು ಮುಗಿಸಿ ಮರಳಿ ಪೂರ್ವಕ್ಕೆ ಬಂದು ಮೊದಲ ಬಿಂದುವಿಗೆ ಕೊನೆಯ ಬಿಂದುವನ್ನು ಕೂಡಿಸಿದರೆ ಮಾತ್ರ ವಿಧಿ ಪೂರ್ಣ. ವಸಂತಕುಮಾರ್ ಅವರಿಗೆ ಇದು ಎರಡು ಕಡೆಯಿಂದ ಪರಿಚಿತವಾಗಿತ್ತು. ಸರ್ವೆಯಲ್ಲಿಯೂ ಹೊರಟ ಬಿಂದುವಿಗೇ ಮರಳಿ ಬಂದು ಲೆಕ್ಕ ಕೂಡಿದರೆ ಮಾತ್ರ ಅಳತೆಗೆ ಬೆಲೆ. ಅಲ್ಲದೆ ಹುಡುಗನಾಗಿದ್ದಾಗ ಜಪಕ್ಕೆ ಕುಳಿತು ಅಂಗನ್ಯಾಸ ಮಾಡಿ, ತಲೆಯ ಸುತ್ತ ಚಿಟಿಕೆ ಹಾಕಿ ಮಾಡುತ್ತಿದ್ದ ದಿಗ್ಬಂಧನ! ನಲವತ್ತು ವರ್ಷದ ಹಿಂದೆ ಬಿಟ್ಟದ್ದು ಬೇರೆ ಬಟ್ಟೆ ಉಟ್ಟು ಎದುರಿಗೆ ಬಂದಂತಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಯೆಹೂದಿಗಳಲ್ಲಿ ಗುರುಮುಖವಾಗಿ, ಶಾಸ್ತ್ರಾಧ್ಯಯನದ ಭಾಗವಾಗಿ ನಡೆದುಬಂದಿರುವ ಕಬಾಲಾ ಬೇರೆ. ಐವೀಯಂಥವರು ಆಚರಿಸುವ ವಿಧಿ ಬೇರೆ. ಎರಡನೆಯದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಗುಪ್ತಸಂಘಗಳು ಹಲವು ಕಡೆಯ ಚೂರುಗಳನ್ನು ಹೊಲಿದು ಮಾಡಿದ ಕೌದಿ. ರಫಾಯೇಲ್ ಬಂದನೋ ಇಲ್ಲವೋ ಎಂದು ಅಳೆಯುವ ಉಪಕರಣ ಯಾರ ಬಳಿಯೂ ಇಲ್ಲ. ನನ್ನ ಮಟ್ಟಿಗೆ ಅವನು ಬರುವುದಿಲ್ಲ. ಆದರೆ ವಾರವೆಲ್ಲ ಒಬ್ಬೊಬ್ಬರೇ ಇರುವ ಏಳು ಜನ ಒಂದು ಗಂಟೆ ಫೋನು ಮುಟ್ಟದೆ, ಒಂದೇ ಲಯದಲ್ಲಿ ಉಸಿರಾಡುತ್ತ, ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಿರುತ್ತಾರೆ ಎಂಬುದಂತೂ ಯಾರು ಬೇಕಾದರೂ ಹೋಗಿ ನೋಡಬಹುದಾದ ಸಂಗತಿ.

ವಸಂತಕುಮಾರ್ ಅವರ ಪತ್ನಿ ಸುಭದ್ರಾ ಮಕ್ಕಳ ಡೇ ಕೇರ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಗಂಡ ಮಾಂತ್ರಿಕನಾದದ್ದಕ್ಕೆ ಅವರ ಆಕ್ಷೇಪವಿರಲಿಲ್ಲ. ಆಕ್ಷೇಪವಿದ್ದದ್ದು ಸುತ್ತುವ ರೀತಿಗೆ.

"ಏನ್ರೀ, ಎಡಗಡೆಯಿಂದ ಸುತ್ತುತೀರಂತೆ? ಅಪ್ರದಕ್ಷಿಣೆ! ತಿಥಿ ಮನೇಲಿ ಸುತ್ತೋ ಹಾಗೆ!"

"ಇಲ್ಲಿ ಸೂರ್ಯನೇ ಹಾಗೆ ಹೋಗ್ತಾನೆ ಕಣೇ. ಉತ್ತರದ ಕಡೆಯಿಂದ. ನೆರಳು ನೋಡು, ನಮ್ಮೂರಿನ ನೆರಳಿಗೆ ಉಲ್ಟಾ ತಿರುಗುತ್ತೆ. ಐವೀ ಅದನ್ನ ಲೆಕ್ಕಕ್ಕೆ ತಗೊಂಡು ಬದಲಾಯಿಸಿದ್ದಾರೆ."

"ಸೂರ್ಯ ಎಲ್ಲಾದ್ರೂ ಹೋಗ್ಲಿ, ನೀವು ದೇವಸ್ಥಾನಕ್ಕೆ ಬಂದಾಗ ಮರೆತು ಹಾಗೇ ಸುತ್ತಬೇಡಿ. ನಾನು ಗುರುತೇ ಇಲ್ಲ ಅಂತೀನಿ, ಅಷ್ಟೆ."

ಬ್ರಿಸ್ಬೇನಿನಲ್ಲಿ ಸಂಸಾರ ಹೂಡಿದ್ದ ಮಗಳು ಸೌಜನ್ಯ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಡ್ಯಾಡ್, ಡೂ ಯೂ ಗೆಟ್ ಎ ಹ್ಯಾಟ್?" ಟೊಪ್ಪಿ ಇರಲಿಲ್ಲ; ಕಪ್ಪು ನಿಲುವಂಗಿ ಇತ್ತು, ಅದನ್ನು ಸುಭದ್ರಾ ಅವರೇ ಹೊಲಿದುಕೊಟ್ಟರು.

ದಕ್ಷಿಣಾರ್ಧಗೋಳದ ವಿಷಯದಲ್ಲಿ ಐವೀ ಬಹಳ ಎಚ್ಚರದವರು. ಇಂಗ್ಲೆಂಡಿನ ಪುಸ್ತಕಗಳಲ್ಲಿ ಬೆಂಕಿಯ ಅಧಿಪತಿಯಾದ ಮಿಕಾಯೇಲನ ಸ್ಥಾನ ದಕ್ಷಿಣ. ಇಲ್ಲಿ ಬಿಸಿಲು ಉತ್ತರದಿಂದ ಬರುವುದರಿಂದ ಅವನನ್ನು ಉತ್ತರಕ್ಕೆ ಕಳಿಸಿದ್ದರು. ಬೇಲಿಯಾಚೆಯಿಂದ ಇದನ್ನು ಕೇಳಿದ ಸಿರಿಲ್, "ಎಂತ ಮಾರಾಯ್ರೆ, ನಮ್ಮ ಮಿಕಾಯೇಲರಿಗೆ ಟ್ರಾನ್ಸ್‌ಫರ್ ಆರ್ಡರ್ ಕೊಟ್ಟದ್ದು ಯಾರು? ಇಗರ್ಜಿಯ ಫಾದರಿಗೆ ಗೊತ್ತುಂಟಾ?" ಎಂದಿದ್ದರು. ಅವರು ಮಂಡಲಿಯ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಐವೀಯ ಹುಲ್ಲು ಕತ್ತರಿಸುವುದು, ನಲ್ಲಿ ರಿಪೇರಿ ಎಲ್ಲ ಅವರದೇ.

ಹೀಗೆ ಮೂರು ವರ್ಷ ಸುಖವಾಗಿ ಕಳೆದವು. ೨೦೧೬ರ ಏಪ್ರಿಲಿನಲ್ಲಿ ಐವೀ ಒಂದು ಸುದ್ದಿ ಹೇಳಿದರು: ಎಪ್ಪತ್ತೊಂಬತ್ತು ತುಂಬಿತು, ಮಂಡಿ ಮಾತು ಕೇಳುವುದಿಲ್ಲ, ಅಡಿಲೇಡಿನಲ್ಲಿರುವ ಮಗಳ ಮನೆಗೆ ಹೋಗುತ್ತೇನೆ. ಮನೆಯನ್ನು ಮಂಡಲಿಯವಳೇ ಆದ ಒಬ್ಬ ನರ್ಸ್ ಕೊಂಡುಕೊಳ್ಳುವಳು. ಶನಿವಾರದ ಸೇರುವಿಕೆ ನಿಲ್ಲುವುದಿಲ್ಲ. ಹೋಗುವ ಮೊದಲು ತಮಗೊಂದೇ ಆಸೆ. ಬಟ್ಟೆಯ ಬದಲು ಶೆಡ್ಡಿನ ಸಿಮೆಂಟ್ ನೆಲದ ಮೇಲೆಯೇ ಒಂಬತ್ತು ಅಡಿ ತ್ರಿಜ್ಯದ ವೃತ್ತವನ್ನೂ ನಾಲ್ಕು ದಿಕ್ಕುಗಳನ್ನೂ ಬಿಳಿ ಬಣ್ಣದಲ್ಲಿ ಬರೆಯಬೇಕು, ಬರೆಯುವವರು ವಸಂತಕುಮಾರ್. ಆ ವೃತ್ತದಲ್ಲಿ ಕೊನೆಯ ಶನಿವಾರ ತಾವು ನಿಲ್ಲಬೇಕು.

ಭಾನುವಾರ ಬೆಳಿಗ್ಗೆ ವಸಂತಕುಮಾರ್ ಟ್ರೈಪಾಡ್ ಹೊತ್ತು ಹೋದರು. ತಗಡಿನ ಶೆಡ್ಡಿನೊಳಗೆ ಕಂಪಾಸನ್ನು ನಂಬುವಂತಿಲ್ಲ. ಆದರೆ ಬೇಲಿಯ ದಿಕ್ಕು ಸೈಟಿನ ನಕ್ಷೆಯಲ್ಲಿ ದಾಖಲಾಗಿತ್ತು. ಅದರಿಂದ ಕೋನವನ್ನು ಒಳಗೆ ತಂದರು. ಪೂರ್ವದ ಗೋಡೆಯಲ್ಲಿ ಒಂದು ಮೊಳೆ ಇತ್ತು, ರಫಾಯೇಲನ ದೀಪವನ್ನು ತೂಗುಹಾಕುತ್ತಿದ್ದದ್ದು. ಮೂರು ವರ್ಷ ಅವರು ನೋಡುತ್ತ ಬಂದಿದ್ದ ಮೊಳೆ. ಕಿಟಕಿಯಿಲ್ಲದ ಶೆಡ್ಡು, ಹೊರಗೆ ಹಾವಿನಂತೆ ಬಳುಕುವ ಕ್ಯಾನಿಂಗ್ ವೇಲ್‌ನ ಬೀದಿಗಳು. ದಿಕ್ಕಿನ ಅನುಮಾನ ಬರಲು ಕಾರಣವೇ ಇರಲಿಲ್ಲ. ಅಲ್ಲದೆ ದೇವರ ಮನೆಗೆ ಯಾರು ರಸಮಟ್ಟ ಹಿಡಿದುಕೊಂಡು ಹೋಗುತ್ತಾರೆ? ಈಗ ಉಪಕರಣದ ಕಣ್ಣಿನಲ್ಲಿ ನೋಡಿದರೆ, ಮೊಳೆ ಇದ್ದದ್ದು ಪೂರ್ವದಲ್ಲಲ್ಲ. ಪೂರ್ವದಿಂದ ದಕ್ಷಿಣಕ್ಕೆ ಇಪ್ಪತ್ತೆಂಟು ಡಿಗ್ರಿ ಸರಿದಿತ್ತು.

ಮತ್ತೆ ಅಳೆದರು. ಇಪ್ಪತ್ತೆಂಟೇ.

ಇದು ಬೇರೆ ಯಾರದಾದರೂ ಶೆಡ್ಡಾಗಿದ್ದರೆ ನಗುವ ವಿಷಯ. ಆದರೆ ಐವೀ ತಮ್ಮ ಕಥೆಯನ್ನು ಎಲ್ಲರಿಗೂ ಹೇಳಿದ್ದರು. ಗಂಡ ತೀರಿಕೊಂಡ ಮೇಲೆ ಬ್ರಿಸ್ಬೇನಿನ ಮನೆಯಲ್ಲಿರಲಾರದೆ, ಗುರುತಿನವರಿಲ್ಲದ ಪರ್ತಿಗೆ ಬಂದರು. ಆ ದಿನದಿಂದ ಪ್ರತಿ ಬೆಳಿಗ್ಗೆ ಆರಕ್ಕೆ, ಹನ್ನೊಂದು ವರ್ಷ, ಒಂದು ದಿನವೂ ತಪ್ಪದೆ ಆ ದಿಕ್ಕಿಗೇ ಮುಖಮಾಡಿ ನಿಂತಿದ್ದರು. "ಆ ಪೂರ್ವ ಇಲ್ಲದಿದ್ದರೆ ನಾನು ಆ ಮೊದಲ ವರ್ಷವನ್ನು ದಾಟುತ್ತಿರಲಿಲ್ಲ," ಎನ್ನುತ್ತಿದ್ದರು. ಅದು ಪೂರ್ವವೇ ಅಲ್ಲವೆಂದು, ಗಂಟುಮೂಟೆ ಕಟ್ಟುತ್ತಿರುವ ಎಪ್ಪತ್ತೊಂಬತ್ತರ ಹೆಂಗಸಿಗೆ ಹೇಳುವುದು ಹೇಗೆ? ಹೇಳದೆ, ಸುಳ್ಳೆಂದು ಗೊತ್ತಿದ್ದ ದಿಕ್ಕನ್ನು ತಮ್ಮ ಕೈಯಿಂದಲೇ ನೆಲದ ಮೇಲೆ ಬರೆಯುವುದು ಹೇಗೆ?

ಬಣ್ಣದ ಡಬ್ಬಿಯ ಮುಚ್ಚಳ ತೆಗೆಯದೆ ಹೊರಗೆ ಬಂದ ಅವರನ್ನು ಸಿರಿಲ್ ಬೇಲಿಯ ಬಳಿ ಹಿಡಿದರು. ಸಂಗತಿ ಕೇಳಿ ತಲೆ ಕೆರೆದುಕೊಂಡರು.

"ಹೇಳ್ಲಿಕ್ಕೆ ಹೋಗ್ಬೇಡಿ ಸಾರ್. ಪಾಪ ಅಜ್ಜಿ. ಅದು ಇದ್ದ ಹಾಗೆ ಪೇಂಟ್ ಹೊಡೀರಿ. ದೇವದೂತರಿಗೆ ರೆಕ್ಕೆ ಉಂಟಲ್ಲಾ, ನಾಲ್ಕು ಅಡಿ ಆಚೆ ಬರ್ಲಿಕ್ಕೆ ಎಂತ ಕಷ್ಟ?"

"ದೇವದೂತರ ಚಿಂತೆ ಅಲ್ಲ ಸಿರಿಲ್. ನನ್ನ ಕೈ ಏಳೋದಿಲ್ಲ."

"ಹಾಗಾದ್ರೆ ಸರೀದನ್ನೇ ಹೊಡೀರಿ, ಅವರಿಗೆ ಗೊತ್ತೇ ಆಗುದಿಲ್ಲ."

"ಹನ್ನೊಂದು ವರ್ಷ ನಿಂತ ಜಾಗ. ಕಣ್ಣು ಕಟ್ಟಿ ಬಿಟ್ಟರೂ ಗೊತ್ತಾಗುತ್ತೆ."

"ಅದೂ ಹೌದು," ಎಂದು ಸಿರಿಲ್ ಒಪ್ಪಿಕೊಂಡರು. "ಹಾಗಾದ್ರೆ ನಿಮಗೆ ಬೆನ್ನು ನೋವು. ಪೇಂಟ್ ನಾನು ಹೊಡೀತೇನೆ. ನನಗೆ ದಿಕ್ಕೂ ಗೊತ್ತಿಲ್ಲ, ಪಾಪವೂ ಬರುದಿಲ್ಲ."

ಬೆನ್ನುನೋವನ್ನು ವಸಂತಕುಮಾರ್ ಒಪ್ಪಲಿಲ್ಲ. ನಾಲ್ಕು ದಿನ ಊಟದ ಹೊತ್ತಿನಲ್ಲಿ ಅನ್ನದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಬುಧವಾರ ರಾತ್ರಿ ಸಾರು ಬಡಿಸುತ್ತಿದ್ದ ಸುಭದ್ರಾ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಕುಳಿತರು.

"ರೀ, ಡೇ ಕೇರ್‌ನಲ್ಲಿ ಮಗು ಶೂ ಎಡಬಲ ಹಾಕ್ಕೊಂಡು ಬಂದ್ರೆ ನಾವು ತಪ್ಪು ಅನ್ನಲ್ಲ. ಯಾರಪ್ಪಾ ಹಾಕಿದ್ದು, ಹೇಗೆ ಹಾಕ್ಕೊಂಡೆ ಅಂತ ಕೇಳ್ತೀವಿ. ನೀವು ಮೊದಲು ಅವರನ್ನ ಕೇಳಿದ್ರಾ, ಆ ಮೊಳೆ ಹೇಗೆ ಹೊಡೆದ್ರಿ ಅಂತ?"

ಕೇಳಿರಲಿಲ್ಲ. ಆದರೆ ಪ್ರಶ್ನೆಯನ್ನು ಕೇಳಿಕೊಂಡ ಕೂಡಲೇ ಉತ್ತರ ಹೊಳೆಯಿತು. ಇಪ್ಪತ್ತೆಂಟು ಎಂಬುದು ಯಾವುದೋ ಒಂದು ಅಂಕಿಯಲ್ಲ. ತಟ್ಟೆ ಸರಿಸಿ ಕಾಗದ ತೆಗೆದುಕೊಂಡರು. ಆ ಲೆಕ್ಕವನ್ನು ನಾನೂ ಮಾಡಿ ನೋಡಿದ್ದೇನೆ, ಸರಿಯಾಗಿದೆ.

ಮರುದಿನ ಐವೀಯ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅವರು ಕೇಳಿದರು: "ಶೆಡ್ಡಿನಲ್ಲಿ ಪೂರ್ವವನ್ನು ಗುರುತು ಮಾಡಿದ್ದು ಡಿಸೆಂಬರಿನಲ್ಲಿ ಅಲ್ಲವೇ? ಹತ್ತನೆಯ ತಾರೀಖಿಗೂ ಜನವರಿಯ ಮೊದಲ ವಾರಕ್ಕೂ ನಡುವೆ?"

ಐವೀ ಕಪ್ಪನ್ನು ಕೆಳಗಿಟ್ಟರು. "ಇಪ್ಪತ್ತೆರಡು. ಈ ಮನೆಯಲ್ಲಿ ನನ್ನ ಮೊದಲ ಬೆಳಗು. ಆಗ ಶೆಡ್ಡಿನ ಗೋಡೆ ಎದ್ದಿರಲಿಲ್ಲ, ಸಿಮೆಂಟ್ ನೆಲ ಮಾತ್ರ ಇತ್ತು. ರಾತ್ರಿಯೆಲ್ಲ ನಿದ್ದೆಯಿಲ್ಲ. ಗುಡ್ಡದ ಮೇಲೆ ಸೂರ್ಯ ಕಂಡ ಕೂಡಲೇ ಪೊರಕೆಯನ್ನು ನಿಲ್ಲಿಸಿ, ಅದರ ನೆರಳಿನ ಉದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆದೆ. ಗೋಡೆ ಎದ್ದ ಮೇಲೆ ಆ ಗೆರೆಯ ನೇರಕ್ಕೇ ಮೊಳೆ ಹೊಡೆದೆ. ಇದನ್ನು ಯಾರಿಗೂ ಹೇಳಿಲ್ಲವಲ್ಲ. ನಿಮಗೆ ಯಾರು ಹೇಳಿದರು?"

"ಮೊಳೆ ಹೇಳಿತು," ಎಂದರು ವಸಂತಕುಮಾರ್. ಬ್ರಿಸ್ಬೇನಿನ ಆ ಮೇಲಧಿಕಾರಿಯಂತೆಯೇ, ಮೇಜಿನ ಮೇಲೆ ಎರಡು ಚಮಚಗಳನ್ನು ಕೋನವಾಗಿ ಇಟ್ಟು ತೋರಿಸಿದರು. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ವರ್ಷದಲ್ಲಿ ಎರಡು ಸಲ ಮಾತ್ರ. ಜೂನಿನಲ್ಲಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ. ಪರ್ತಿನ ಅಕ್ಷಾಂಶದಲ್ಲಿ ಅವನು ಅತಿ ಹೆಚ್ಚು ಸರಿಯುವುದು ಇಪ್ಪತ್ತೆಂಟು ಡಿಗ್ರಿ, ಅದೂ ಡಿಸೆಂಬರ್ ಇಪ್ಪತ್ತೆರಡರ ಆಚೀಚೆಯ ಕೆಲವೇ ದಿನ.

ಐವೀ ಒಂದು ಚಮಚವನ್ನು ಇನ್ನೊಂದರ ಮೇಲೆ ಸರಿಸಿ ನೋಡಿದರು. ಮಿಕಾಯೇಲನನ್ನು ಉತ್ತರಕ್ಕೆ ಕಳಿಸಿದವರು, ಸುತ್ತುವ ಕ್ರಮವನ್ನೇ ತಿರುಗಿಸಿದವರು. ಸೂರ್ಯ ಹುಟ್ಟುವ ಕಡೆಯೇ ಪೂರ್ವ ಎಂಬ ಒಂದು ಮಾತನ್ನು ಮಾತ್ರ ಪರೀಕ್ಷಿಸದೆ ನಂಬಿದ್ದರು.

"ನಿಮಗೆ ಇದು ಯಾವಾಗಿನಿಂದ ಗೊತ್ತು?" ದನಿ ಸ್ವಲ್ಪ ಗಡುಸಾಗಿತ್ತು.

"ಭಾನುವಾರದಿಂದ."

"ನಾಲ್ಕು ದಿನ ಯಾಕೆ ಸುಮ್ಮನಿದ್ದಿರಿ?"

"ಹೆದರಿದ್ದೆ."

"ಹಾಗಾದರೆ ಹನ್ನೊಂದು ವರ್ಷ ನಾನು ನೋಡುತ್ತಿದ್ದದ್ದು ಯಾವ ಕಡೆಗೆ?"

"ಆ ದಿನದ ಸೂರ್ಯನ ಕಡೆಗೆ," ಎಂದರು ವಸಂತಕುಮಾರ್. "ಕಾಲು ಡಿಗ್ರಿಯೂ ತಪ್ಪಿಲ್ಲ. ನನ್ನ ಕೈಕೆಳಗಿನ ಸರ್ವೆ ಹುಡುಗರು ಕೂಡ ಅಷ್ಟು ಚೆನ್ನಾಗಿ ಗೆರೆ ಎಳೆಯುತ್ತಿರಲಿಲ್ಲ."

ಐವೀ ಎದ್ದು ಕಿಟಕಿಯ ಬಳಿ ಹೋದರು. ಬೆನ್ನು ಅಲುಗುತ್ತಿತ್ತು; ಅಳುತ್ತಿದ್ದಾರೆಂದೇ ವಸಂತಕುಮಾರ್ ತಿಳಿದರು. ತಿರುಗಿದಾಗ ನೋಡಿದರೆ ನಗುತ್ತಿದ್ದರು, ಕಣ್ಣೂ ಒದ್ದೆಯಾಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪುಸ್ತಕವನ್ನು ಸರಿಯಾದ ಕಪಾಟಿನಲ್ಲಿಡಿ ಎಂದು ಗದರಿದವಳು ಪ್ರಧಾನ ದೇವದೂತನನ್ನೇ ತಪ್ಪು ಕಪಾಟಿನಲ್ಲಿ ಇಟ್ಟಿದ್ದೆನಲ್ಲ ಎಂದರು. ಆಮೇಲೆ ಗಂಭೀರವಾಗಿ, "ನಿಜವಾದದ್ದನ್ನೇ ಬರೆಯಿರಿ. ಇಲ್ಲಿ ಉಳಿಯುವವರು ಜೂನ್ ತಿಂಗಳಲ್ಲೂ ಬದುಕಬೇಕಲ್ಲ," ಎಂದರು.

ಶುಕ್ರವಾರ ವೃತ್ತ ಸಿದ್ಧವಾಯಿತು. ನಾಲ್ಕು ದಿಕ್ಕುಗಳ ಬಿಳಿ ಗೆರೆಗಳನ್ನು ವಸಂತಕುಮಾರ್ ತಾವೇ ಬರೆದರು. ಒಳಗಿನ ಬಣ್ಣವನ್ನು ಸಿರಿಲ್ ಬಳಿದರು, "ಇದು ಪೇಂಟಿಂಗ್ ಮಾತ್ರ, ಮಂತ್ರ ಅಲ್ಲ" ಎಂದು ಮೊದಲೇ ಖಚಿತಪಡಿಸಿಕೊಂಡು. ದೀಪಕ್ಕೆ ಸರಿಯಾದ ಜಾಗದಲ್ಲಿ ಹೊಸ ಮೊಳೆ ಬಂತು.

ಶನಿವಾರ ನಾಲ್ಕಕ್ಕೆ ಎಂಟು ಜನ ಸೇರಿದರು. ದಿಕ್ಕಿಗೊಬ್ಬರಂತೆ ನಿಲ್ಲುವ ವಾಡಿಕೆಯಲ್ಲಿ ಅಂದು ಪೂರ್ವದ ಸರದಿ ವಸಂತಕುಮಾರ್ ಅವರದು. ಅವರು ತಾವೇ ಬರೆದ ಗೆರೆಯ ತುದಿಯಲ್ಲಿ, ದೀಪದ ಕೆಳಗೆ, ಒಳಮುಖವಾಗಿ ನಿಂತರು. ಐವೀ ಕೋಲೂರಿಕೊಂಡು ನಡುವೆ ಬಂದು, ಕೋಲನ್ನು ನರ್ಸ್‌ಗೆ ಕೊಟ್ಟು, ದೀಪದ ಕಡೆಗೆ ಮುಖಮಾಡಿ ಕಣ್ಣು ಮುಚ್ಚಿದರು. ಹಣೆ, ಎದೆ, ಭುಜಗಳನ್ನು ಮುಟ್ಟಿ, ತೋಳು ಅಗಲಿಸಿ ಉಸಿರೆಳೆದರು. ಅಷ್ಟರಲ್ಲಿ ಅವರ ಪಾದಗಳು, ಯಾರ ಅಪ್ಪಣೆಗೂ ಕಾಯದೆ, ಮೆಲ್ಲಗೆ ಬಲಕ್ಕೆ ಹೊರಳಿದವು. ಹೊಸ ಬಿಳಿ ಗೆರೆಯನ್ನು ಓರೆಯಾಗಿ ತುಳಿದು, ಖಾಲಿ ಗೋಡೆಗೆ, ಹಳೆಯ ಮೊಳೆಯ ಕಡೆಗೆ ಅವರು ಮುಖಮಾಡಿ ನಿಂತಿದ್ದರು. ಕಣ್ಣು ಇನ್ನೂ ಮುಚ್ಚಿತ್ತು.

ಉಳಿದವರು ಒಬ್ಬರನ್ನೊಬ್ಬರು ನೋಡಿದರು. ನರ್ಸ್ ಕೈ ಚಾಚಿ ಅವರ ಭುಜವನ್ನು ತಿರುಗಿಸಲು ಹೊರಟಳು. ವಸಂತಕುಮಾರ್ ಬೇಡವೆಂದು ತಲೆಯಾಡಿಸಿ, ಹೆಜ್ಜೆಯ ಸದ್ದಾಗದಂತೆ ಎಡಕ್ಕೆ ಎರಡು ಹೆಜ್ಜೆ ಸರಿದರು. ಬಣ್ಣ ಬಳಿದ ಪೂರ್ವ ಅವರ ಬಲಗಡೆ ದೀಪದ ಕೆಳಗೆ ಹಾಗೆಯೇ ಇತ್ತು. ಐವೀ ಕಣ್ಣು ತೆರೆದಾಗ ಅವರು ಸರಿಯಾಗಿ ಎದುರಿಗಿದ್ದರು. ಐವೀ ಬೆರಳೆತ್ತಿ ಗಾಳಿಯಲ್ಲಿ ಮೊದಲ ಗೆರೆ ಎಳೆದು, ರಫಾಯೇಲನ ಹೆಸರನ್ನು ಉಸಿರು ಮುಗಿಯುವವರೆಗೂ ಎಳೆದು ಹೇಳಿದರು.